ಮಲ್ಲರ ಅನ್ನದಾತರು

ಕುಸ್ತಿಯ ಮಾತು ಬಂದಾಗ ನಾವು ಪಟ್ಟುಗಳನ್ನು ಎಣಿಸುತ್ತೇವೆ. ಪೈಲ್ವಾನರ ತೋಳು ತೊಡೆಗಳನ್ನು ಹೊಗಳುತ್ತೇವೆ. ಗೆದ್ದವನ ಕೊರಳಿಗೆ ಬಿದ್ದ ಹಾರವನ್ನೂ ಹೆಗಲಿಗೇರಿದ ಬೆಳ್ಳಿಯ ಗದೆಯನ್ನೂ ನೆನೆಯುತ್ತೇವೆ. ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ: ಆ ತೋಳು, ಆ ತೊಡೆ ಬೆಳೆದುದು ಯಾರ ಅನ್ನದಿಂದ? ಪೈಲ್ವಾನನ ಹೊಟ್ಟೆ ನಮ್ಮ ನಿಮ್ಮ ಹೊಟ್ಟೆಯಂತಲ್ಲ. ಸೇರುಗಟ್ಟಲೆ ಹಾಲು, ತುಪ್ಪ, ಬಾದಾಮಿ, ಮೊಟ್ಟೆ, ಮಾಂಸ ದಿನದಿನವೂ ಅದಕ್ಕೆ ಬೇಕು. ತಿಂದುದನ್ನು ಅರಗಿಸಿಕೊಳ್ಳಲು ಬೆಳಗೂ ಬೈಗೂ ಗರಡಿಯಲ್ಲಿ ಸಾಮು ಮಾಡಬೇಕು. ಸಾಮು ಮಾಡುವವನಿಗೆ ಬೇರೆ ದುಡಿಮೆಗೆ ಹೊತ್ತಿರುವುದಿಲ್ಲ. ಆದುದರಿಂದ ಮಲ್ಲವಿದ್ಯೆಗೆ ಎಂದೆಂದೂ ಒಬ್ಬ ಅನ್ನದಾತ ಬೇಕು. ಅಷ್ಟೇ ಅಲ್ಲ, ಅನ್ನದಾತ ಬದಲಾದಾಗಲೆಲ್ಲ ಕುಸ್ತಿಯ ರೂಪವೂ ಬದಲಾಗುತ್ತದೆ. ಈ ಕಥೆಯಲ್ಲಿ ಮೊದಲು ಬರುವವನು ಅರಸ. ಆಮೇಲೆ ಟಿಕೆಟು ಕೊಂಡು ಬಂದ ಜನ. ನಮ್ಮ ಕಾಲದಲ್ಲಿ, ಟೆಲಿವಿಷನ್ ಪೆಟ್ಟಿಗೆಯ ಹಿಂದೆ ಕುಳಿತ ಒಂದು ಅಂಕಿ.

ಅರಸನಿಂದಲೇ ಆರಂಭಿಸೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮಲ್ಲವಿನೋದ' ಎಂಬ ಒಂದು ಭಾಗವೇ ಇದೆ. ವಯಸ್ಸು, ಗಾತ್ರ, ಬಲಗಳನ್ನು ನೋಡಿ ಮಲ್ಲರನ್ನು ಹೇಗೆ ವರ್ಗಮಾಡಬೇಕು, ಅವರು ಯಾವ ವ್ಯಾಯಾಮ ಮಾಡಬೇಕು, ಏನನ್ನು ಉಣ್ಣಬೇಕು ಎಂಬುದೆಲ್ಲ ಅಲ್ಲಿ ಹೇಳಿದೆ. ಬೇಳೆ, ಮಾಂಸ, ಹಾಲು, ಸಕ್ಕರೆ, ಉತ್ತಮವಾದ ಭಕ್ಷ್ಯ ಇವನ್ನು ಒದಗಿಸುವುದು ದೊರೆಯ ಹೊಣೆ. ಅಂತಃಪುರದ ಹೆಂಗಸರ ಸಂಪರ್ಕವಿಲ್ಲದೆ ಮೈ ಬೆಳೆಸುವುದು ಮಲ್ಲರ ಹೊಣೆ. ರಾಜನೊಬ್ಬ ಕುಳಿತು ಪೈಲ್ವಾನರ ಊಟದ ಪಟ್ಟಿಯನ್ನು ಶಾಸ್ತ್ರವಾಗಿ ಬರೆಯುವುದು ಇಂದಿನವರಿಗೆ ವಿನೋದವಾಗಿ ಕಾಣಬಹುದು. ಆದರೆ ಅನ್ನದಾತ ತಾನು ಯಾವುದಕ್ಕೆ ಹಣ ಕೊಡುತ್ತಿದ್ದೇನೆಂಬುದನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲವನಾಗಿದ್ದನೆಂಬುದು ಸಣ್ಣ ಮಾತಲ್ಲ. ನಮ್ಮ ಮಲೆನಾಡಿನ ಕೆಳದಿಯ ಅರಸ ಬಸವಪ್ಪನಾಯಕನೂ ಅದೇ ಜಾಡಿನಲ್ಲಿ ನಡೆದು, ರಾಜನು ಬಲ್ಲವನಾಗಬೇಕಾದ ನಾನಾ ವಿದ್ಯೆ ವಿನೋದಗಳನ್ನು 1709ರ ಸುಮಾರಿಗೆ 'ಶಿವತತ್ತ್ವರತ್ನಾಕರ'ದಲ್ಲಿ ಒಂದೆಡೆ ಕೂಡಿಸಿಟ್ಟನು.

ವಿಜಯನಗರದ ದೊರೆಯಾದರೋ ತಾನೇ ಮಟ್ಟಿಗೆ ಇಳಿಯುತ್ತಿದ್ದನು. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ನಸುಕಿನಲ್ಲೆದ್ದು ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಬಳಿದುಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಕತ್ತಿ ತಿರುಗಿಸಿ, ಆ ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ರಾಯನು ತನ್ನ ಮಲ್ಲರಲ್ಲೊಬ್ಬನೊಡನೆ ಹಿಡಿಯುತ್ತಿದ್ದನಂತೆ. ಮಹಾನವಮಿಯ ಕುಸ್ತಿಯನ್ನೂ ಪಾಯೆಸ್ ನೋಡಿದ. ಹಲ್ಲು ಮುರಿಯುವ, ಕಣ್ಣು ಹೋಗುವ ಹೊಡೆತಗಳು. ಮಾತು ನಿಂತವರನ್ನು ಗೆಳೆಯರು ಹೊತ್ತುಕೊಂಡು ಹೋಗುವ ದೃಶ್ಯಗಳು. ಇಷ್ಟಾದರೂ ಅವನು ಮತ್ತೊಂದನ್ನು ಗಮನಿಸಿದ್ದಾನೆ: ಇಬ್ಬರನ್ನೂ ಸಮಬಲದಲ್ಲಿ ನಿಲ್ಲಿಸುವುದಕ್ಕೆ, ಗೆದ್ದವನಿಗೆ ಸಲ್ಲಬೇಕಾದ ಮನ್ನಣೆ ಸಲ್ಲಿಸುವುದಕ್ಕೆ ಅಲ್ಲಿ ನಾಯಕರೂ ತೀರ್ಪುಗಾರರೂ ಇದ್ದರು.

ಮೈಸೂರು ಈ ಪರಂಪರೆಯನ್ನು ಮುಂದುವರಿಸಿತು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದರು. 1638ರಲ್ಲಿ ಪಟ್ಟವೇರಿದ ರಣಧೀರ ಕಂಠೀರವ ನರಸರಾಜ ಒಡೆಯರು ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ, ಚಲ್ಲಣವನ್ನು ತೂಗುಹಾಕಿ ಜಗತ್ತಿಗೇ ಸವಾಲು ಹಾಕಿದ್ದ ಜಟ್ಟಿಯನ್ನು ಕೆಡವಿದ ಕಥೆಯನ್ನು ನಮ್ಮ ಅಜ್ಜಿಯರೂ ಬಲ್ಲರು. ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುವ ಪದ್ಧತಿ ಇಂದಿಗೂ ಉಳಿದಿದೆ. ತಲೆ ಬೋಳಿಸಿಕೊಂಡ ಇಬ್ಬರು ಮುಷ್ಟಿಗೆ ಆಯುಧ ತೊಟ್ಟು ಎದುರಾಗುತ್ತಾರೆ. ಮೊದಲ ರಕ್ತ ಕಂಡೊಡನೆ ಕಾಳಗ ಮುಗಿಯುತ್ತದೆ. ಅರಸರ ಕಾಲದ ಕುಸ್ತಿಯನ್ನು ಹೊಗಳುವವರು ಈ ರಕ್ತವನ್ನು ಮರೆಯಬಾರದು. ದೊರೆ ಬಲ್ಲವನೇ ಹೌದು. ಆದರೆ ದೊರೆಯ ಕಣ್ಣಿಗೆ ಹಬ್ಬವಾಗುವಂತೆ ಬಡವನ ಹಣೆ ಒಡೆಯಬೇಕಾಗಿತ್ತೆಂಬುದೂ ಅಷ್ಟೇ ದಿಟ.

ಎರಡನೆಯ ಅನ್ನದಾತ ಜನ. ಜಾತ್ರೆಯ ಕುಸ್ತಿಯಲ್ಲಿ ಜನ ಹಿಂದಿನಿಂದಲೂ ಇದ್ದರು. ನಮ್ಮ ಶಿವಮೊಗ್ಗದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬಾ ಜಾತ್ರೆಗೆ ಬಯಲು ಕುಸ್ತಿ ಸೇರಿಯೇ ಇದೆ. ಇಂಥ ಅಖಾಡಗಳ ಸುತ್ತ ಕೂಡುವ ಮಂದಿಯನ್ನು ಗಮನಿಸಿ ನೋಡಿ. ಹಲಗೆ ಬಡಿಯುತ್ತಿರುತ್ತದೆ, ಜೋಡಿ ಕಟ್ಟುವವರು ಇಬ್ಬರು ಹುಡುಗರನ್ನು ಅಕ್ಕಪಕ್ಕ ನಿಲ್ಲಿಸಿ, ಎತ್ತರ ತೂಕಗಳನ್ನು ಕಣ್ಣಳತೆಯಲ್ಲೇ ತೂಗುತ್ತಾರೆ, ಜೋಡಿ ಸರಿಯಾಗಲಿಲ್ಲವೆಂದರೆ ಸುತ್ತಲ ಜನವೇ ಕೂಗಿ ತಪ್ಪು ತಿದ್ದುತ್ತದೆ. ಪೈಲ್ವಾನರು ಮೈಗೆ ಮೈ ತಾಕಿಸದೆ ಸುಮ್ಮನೆ ಸುತ್ತುತ್ತಿದ್ದರೆ ಶಿಳ್ಳೆ ಬೀಳುತ್ತದೆ. ಚೆನ್ನಾಗಿ ಹಿಡಿದು ಸೋತವನಿಗೂ ಮುದುಕನೊಬ್ಬ ಸೊಂಟದ ಚೀಲದಿಂದ ನೋಟು ತೆಗೆದು ಕೊಡುತ್ತಾನೆ. ಈ ಜನ ಹಣ ಕೊಡುವವರೂ ಹೌದು, ಬಲ್ಲವರೂ ಹೌದು. ಅವರಲ್ಲಿ ಅನೇಕರು ಒಂದಲ್ಲ ಒಂದು ಕಾಲದಲ್ಲಿ ಗರಡಿಯ ಮಣ್ಣು ಮೆತ್ತಿಕೊಂಡವರೇ.

ಟಿಕೆಟಿನ ಕುಸ್ತಿ ಮಾತ್ರ ಬೇರೆ. ಅಲ್ಲಿ ಬಲ್ಲವರ ಜೊತೆಗೆ ಬಲ್ಲದವರೂ ಕಾಸು ಕೊಟ್ಟು ಬರುತ್ತಾರೆ. ವ್ಯವಹಾರ ನಡೆಯಬೇಕಾದರೆ ಇವರೇ ಹೆಚ್ಚು ಮುಖ್ಯ. ನಿಜವಾದ ಕುಸ್ತಿ ಇವರಿಗೆ ಬೇಸರ ತರಿಸಬಹುದೆಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. 1910ರಲ್ಲಿ ನಮ್ಮ ಗಾಮಾ ಪೈಲ್ವಾನ್ ಲಂಡನ್ನಿಗೆ ಹೋಗಿ ಪೋಲೆಂಡಿನ ಜ್ಬಿಸ್ಕೊನೊಡನೆ ಹಿಡಿದನು. ಜ್ಬಿಸ್ಕೊ ನೆಲಕ್ಕೆ ಅಂಟಿಕೊಂಡು ಕುಳಿತ. ಎರಡೂವರೆ ಗಂಟೆಗಳ ಹೋರಾಟ ಇತ್ಯರ್ಥವಿಲ್ಲದೆ ಮುಗಿಯಿತು. ಅದೇ ಇಬ್ಬರು 1928ರಲ್ಲಿ ಪಟಿಯಾಲದ ಮಹಾರಾಜನ ಮುಂದೆ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷದೊಳಗೆ ಅವನನ್ನು ಚಿತ್ ಮಾಡಿದನು. ಎರಡೂವರೆ ಗಂಟೆ ಎಳೆದರೆ ನೋಡುವವನು ಎದ್ದುಹೋಗುತ್ತಾನೆ; ಒಂದೇ ನಿಮಿಷದಲ್ಲಿ ಮುಗಿದರೆ ಕೊಟ್ಟ ದುಡ್ಡು ದಂಡವೆನ್ನುತ್ತಾನೆ. ಎರಡೂ ವ್ಯಾಪಾರಕ್ಕೆ ಕೆಡುಕೇ. ಈ ಸಂಕಟಕ್ಕೆ ಅಮೆರಿಕದ ಕುಸ್ತಿ ವ್ಯವಹಾರಸ್ಥರು 1920ರ ದಶಕದಲ್ಲೇ ಮದ್ದು ಕಂಡುಹಿಡಿದಿದ್ದರು: ಪಂದ್ಯಕ್ಕೆ ಕಾಲಮಿತಿ, ಕಣ್ಣಿಗೆ ಕಟ್ಟುವ ಎತ್ತು ಬಿಸಾಡುಗಳು, ಮತ್ತು ಗೆಲ್ಲುವವನು ಯಾರೆಂಬುದು ಮೊದಲೇ ತೀರ್ಮಾನ. ಕುಸ್ತಿ ನಾಟಕವಾದುದು ಹೀಗೆ. ಇದಕ್ಕೆ ಟೆಲಿವಿಷನ್ನನ್ನು ದೂರಿ ಫಲವಿಲ್ಲ. ಅದಿನ್ನೂ ಮನೆಗಳಿಗೆ ಬಂದಿರಲೇ ಇಲ್ಲ.

ನಮ್ಮಲ್ಲಿ ಈ ಬಗೆಯ 'ಫ್ರೀ ಸ್ಟೈಲ್' ಕುಸ್ತಿಗೆ ಮನೆಮಾತಾದ ಹೆಸರು ದಾರಾಸಿಂಗ್. ಸಂಸ್ಥಾನಗಳು ವಿಲೀನವಾಗಿ ಮಹಾರಾಜರ ಆಶ್ರಯ ತಪ್ಪಿದ ಕಾಲ ಅದು. ಹಿಂದೆ ಕೊಲ್ಲಾಪುರದ ಶಾಹು ಮಹಾರಾಜರು ಖಾಸಬಾಗ್ ಎಂಬ ದೊಡ್ಡ ಕುಸ್ತಿ ಮೈದಾನವನ್ನೇ ಕಟ್ಟಿಸಿದ್ದರು. ಈಗ ಅಂಥ ದೊರೆ ಎಲ್ಲಿ? ದಾರಾಸಿಂಗ್ 1959ರಲ್ಲಿ ಕಲ್ಕತ್ತೆಯಲ್ಲಿ ಕಾಮನ್‌ವೆಲ್ತ್ ಪ್ರಶಸ್ತಿಯನ್ನೂ 1968ರ ಮೇ 29ರಂದು ಮುಂಬಯಿಯಲ್ಲಿ ಅಮೆರಿಕದ ಲೂ ಥೆಜ್‌ನನ್ನು ಮಣಿಸಿ ವಿಶ್ವ ಪ್ರಶಸ್ತಿಯನ್ನೂ ಪಡೆದನು. ಅಷ್ಟರಲ್ಲಿ ಸಿನಿಮಾ ಅವನನ್ನು ಕರೆದುಕೊಂಡಿತ್ತು. 1962ರಿಂದಲೇ ಅವನು ತೆರೆಯ ನಾಯಕ. ಮಲ್ಲನ ಅನ್ನ ಅಖಾಡದಿಂದ ತೆರೆಗೆ ಸರಿಯುತ್ತಿದೆಯೆಂಬ ಸೂಚನೆ ಅದರಲ್ಲಿತ್ತು.

ಇನ್ನು ಮೂರನೆಯ ಅನ್ನದಾತ. ರೇಡಿಯೋಗೆ ಕುಸ್ತಿ ಒಗ್ಗಲಿಲ್ಲ. 1965ರಲ್ಲಿ ಆರಂಭವಾದ ನಮ್ಮ ಭದ್ರಾವತಿಯ ಆಕಾಶವಾಣಿ ಸಂಗೀತ, ನಾಟಕ, ಕೃಷಿ ಎಲ್ಲವನ್ನೂ ಮನೆಮನೆಗೆ ಮುಟ್ಟಿಸಿತು. ಆದರೆ ಕ್ರಿಕೆಟ್ಟನ್ನು ಕಿವಿಯಿಂದ ನೋಡಬಹುದು, ಕುಸ್ತಿಯನ್ನು ನೋಡಲಾಗದು. ಪಟ್ಟು ಹಾಕುವುದಕ್ಕಿಂತ ಅದನ್ನು ಬಾಯಲ್ಲಿ ಹೇಳುವುದಕ್ಕೆ ಹೆಚ್ಚು ಹೊತ್ತು ಬೇಕು. ಟೆಲಿವಿಷನ್ನಿಗಾದರೋ ಕುಸ್ತಿ ಹೇಳಿಮಾಡಿಸಿದ ಸರಕು. ಅಮೆರಿಕದಲ್ಲಿ 1940ರ ದಶಕದ ಕೊನೆಯಲ್ಲಿ ಟೆಲಿವಿಷನ್ ಹರಡತೊಡಗಿದಾಗ, ಹೊತ್ತು ತುಂಬಿಸುವುದಕ್ಕೆ ಅಗ್ಗದ ಕಾರ್ಯಕ್ರಮಗಳು ಬೇಕಾಗಿದ್ದುವು. ಕುಸ್ತಿಯ ಕಣ ಚಿಕ್ಕದು; ದೀಪದ ಬೆಳಕು ಮೊದಲೇ ಇದೆ; ಒಂದೆರಡು ಕ್ಯಾಮರಾ ಸಾಕು; ಇಬ್ಬರ ದೇಹ ತೆರೆಯ ತುಂಬ ಕಾಣುತ್ತದೆ. ಡುಮಾಂಟ್ ಎಂಬ ಸಂಸ್ಥೆ ಷಿಕಾಗೋದ ಮಾರಿಗೋಲ್ಡ್ ಸಭಾಂಗಣದಿಂದ 1949ರಿಂದ 1955ರವರೆಗೆ ಕುಸ್ತಿಯನ್ನು ಪ್ರಸಾರ ಮಾಡಿತು. ಗಾರ್ಜಿಯಸ್ ಜಾರ್ಜ್ ಎಂಬಾತ ಗುಂಗುರು ಹೊಂಗೂದಲು, ಜರತಾರಿ ನಿಲುವಂಗಿಗಳೊಡನೆ, ಮುಂದೆ ಸೇವಕನೊಬ್ಬ ಸುಗಂಧ ಚಿಮುಕಿಸುತ್ತಿರಲು, ವಾದ್ಯಘೋಷದೊಂದಿಗೆ ಕಣಕ್ಕೆ ಬರುತ್ತಿದ್ದನು. ಅವನ ಪಟ್ಟಿಗಿಂತ ಅವನ ಪ್ರವೇಶವೇ ಹೆಸರಾಯಿತು. ನಮ್ಮ ಬಯಲಾಟದ ರಾಕ್ಷಸ ವೇಷದ ಒಡ್ಡೋಲಗವನ್ನು ಕಂಡವರಿಗೆ ಇದು ಹೊಸದೇನೂ ಅಲ್ಲ.

ಆದರೂ ಆಗ ಟೆಲಿವಿಷನ್ನು ಬರಿಯ ಡಂಗುರ. ತೆರೆಯ ಮೇಲೆ ಪೈಲ್ವಾನರನ್ನು ತೋರಿಸಿ, ಜಗಳ ಹುಟ್ಟಿಸಿ, "ಮುಂದಿನ ವಾರ ನಿಮ್ಮೂರಿನ ಸಭಾಂಗಣಕ್ಕೆ ಬನ್ನಿ" ಎಂದು ಕರೆಯುವುದಕ್ಕಾಗಿ ಅದನ್ನು ಬಳಸುತ್ತಿದ್ದರು. ಹಣ ಬರುತ್ತಿದ್ದುದು ಟಿಕೆಟಿನಿಂದಲೇ. ಕಾಲಕ್ರಮದಲ್ಲಿ ಇದು ತಿರುವುಮುರುವಾಯಿತು. ಸಭಾಂಗಣದ ಜನ ಚಿತ್ರದ ಹಿನ್ನೆಲೆಯಾದರು. ಮನೆಯಲ್ಲಿ ಕುಳಿತು ನೋಡುವವರೇ ನಿಜವಾದ ಗಿರಾಕಿಗಳಾದರು. ಅವರನ್ನು ಎಣಿಸುವ ವಿದ್ಯೆಯೇ ರೇಟಿಂಗು. ಕೆಲವು ಸಾವಿರ ಮನೆಗಳನ್ನು ಮಾದರಿಯಾಗಿ ಆರಿಸಿ, ಅಲ್ಲಿ ಮಾಪಕಯಂತ್ರಗಳನ್ನಿಟ್ಟು, ಯಾವ ಗಳಿಗೆಯಲ್ಲಿ ಯಾವ ವಾಹಿನಿ ಓಡುತ್ತಿತ್ತೆಂದು ದಾಖಲುಮಾಡುತ್ತಾರೆ. ಟೆಲಿವಿಷನ್ ಉಳ್ಳ ಮನೆಗಳಲ್ಲಿ ನೂರಕ್ಕೆ ಐದು ಮನೆಯವರು ನೋಡಿದರೆಂದು ಕಂಡುಬಂದರೆ ಅಂಕಿ 5. ಈ ಅಂಕಿಯ ಮೇಲೆ ಜಾಹೀರಾತಿನ ದರ; ಆ ದರದ ಮೇಲೆ ವಾಹಿನಿ ಕುಸ್ತಿಯ ಸಂಸ್ಥೆಗೆ ಕೊಡುವ ಹಣ; ಆ ಹಣದಿಂದ ಪೈಲ್ವಾನನ ಹಾಲು ತುಪ್ಪ.

ಈ ಅಂಕಿಯ ಪ್ರತಾಪ ಎಷ್ಟೆಂಬುದನ್ನು ಕಳೆದ ಶತಮಾನದ ಕೊನೆಯ ವರ್ಷಗಳು ತೋರಿಸಿದುವು. ವಿನ್ಸ್ ಮೆಕ್‌ಮಹನ್ ಎಂಬುವರ ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ (2002ರಿಂದ ಅದರ ಹೆಸರು ಡಬ್ಲ್ಯು.ಡಬ್ಲ್ಯು.ಇ.) 1993ರ ಜನವರಿಯಿಂದ ಸೋಮವಾರ ರಾತ್ರಿ 'ರಾ' ಎಂಬ ಕಾರ್ಯಕ್ರಮವನ್ನು ನಡೆಸುತ್ತಿತ್ತು. 1995ರ ಸೆಪ್ಟೆಂಬರಿನಲ್ಲಿ ಟೆಡ್ ಟರ್ನರರ ಡಬ್ಲ್ಯು.ಸಿ.ಡಬ್ಲ್ಯು. ಅದೇ ದಿನ, ಅದೇ ಹೊತ್ತಿಗೆ 'ನೈಟ್ರೊ' ಎಂಬ ಕಾರ್ಯಕ್ರಮವನ್ನು ಎದುರು ನಿಲ್ಲಿಸಿತು. ಅಲ್ಲಿಂದ ಮುಂದೆ ಪ್ರತಿ ಮಂಗಳವಾರ ಅಂಕಿ ಬರುತ್ತಿತ್ತು. ಅಂದಿನ ಗೆಲವು ಸೋಲೇ ನಿಜವಾದ ಗೆಲವು ಸೋಲು. ಕಣದೊಳಗಿನದು ಮೊದಲೇ ಬರೆದಿಟ್ಟದ್ದು. ಇದನ್ನು ಮಾತ್ರ ಯಾರೂ ಬರೆದಿಟ್ಟಿರಲಿಲ್ಲ. 1996ರ ಜೂನಿನಿಂದ 1998ರ ಏಪ್ರಿಲ್‌ವರೆಗೆ ಎಂಬತ್ತಕ್ಕೂ ಹೆಚ್ಚು ವಾರ 'ನೈಟ್ರೊ' ಒಂದೇ ಸಮನೆ ಮೇಲುಗೈ ಪಡೆಯಿತು. ಆಮೇಲೆ ಗಾಳಿ ತಿರುಗಿತು.

1999ರ ಜನವರಿ 4ರ ರಾತ್ರಿಯ ಪ್ರಸಂಗ ಬಹಳ ಸ್ವಾರಸ್ಯವಾದುದು. 'ರಾ' ಕಾರ್ಯಕ್ರಮವನ್ನು ಮೊದಲೇ ಚಿತ್ರಿಸಿಟ್ಟಿದ್ದರು; ಅದರಲ್ಲಿ ಮಿಕ್ ಫೋಲಿ ಎಂಬ, ರೂಪಿನಲ್ಲಿ ಸಾಮಾನ್ಯನಾದ, ಮೈತುಂಬ ಪೆಟ್ಟು ತಿಂದ ಮಲ್ಲನು ಪ್ರಶಸ್ತಿ ಗೆಲ್ಲುವವನಿದ್ದನು. ಎದುರಾಳಿ ವಾಹಿನಿಯ ನಿರೂಪಕನು ಮೇಲಿನವರ ಅಪ್ಪಣೆಯಂತೆ ಅದನ್ನು ನೇರ ಪ್ರಸಾರದಲ್ಲೇ ಬಯಲುಮಾಡಿ ಹಂಗಿಸಿದನು. ಗುಟ್ಟು ಒಡೆದರೆ ನೋಡುವವರು ಅತ್ತ ಹೋಗಲಾರರೆಂದು ಅವರ ಎಣಿಕೆ. ಆದುದೇ ಬೇರೆ. ಅವನು ಗೆಲ್ಲುವುದನ್ನು ಕಣ್ಣಾರೆ ಕಾಣಬೇಕೆಂದು ಲಕ್ಷಾಂತರ ಮಂದಿ ಆ ಕ್ಷಣವೇ ವಾಹಿನಿ ಬದಲಾಯಿಸಿದರು. ಆ ರಾತ್ರಿಯ ಅಂಕಿ 'ರಾ'ಗೆ 5.7, 'ನೈಟ್ರೊ'ಗೆ 5.0. ಕೊನೆ ತಿಳಿದಿದ್ದರೆ ಕಥೆಯ ರುಚಿ ಕೆಡುತ್ತದೆಂದು ಬಗೆದವರಿಗೆ, ಕೀಚಕ ಸಾಯುವನೆಂದು ಬಲ್ಲ ನಮ್ಮ ಜನ ಗಮಕಿಯ ಮುಂದೆ ರಾತ್ರಿಯಿಡೀ ಏಕೆ ಕೂಡುತ್ತಿದ್ದರೆಂಬುದು ತಿಳಿಯದು. 2001ರ ಮಾರ್ಚಿನಲ್ಲಿ ಟರ್ನರ್ ವಾಹಿನಿಗಳು ತಮಗಿನ್ನು ಕುಸ್ತಿ ಬೇಡವೆಂದುವು. ಪ್ರಸಾರದ ಹೊತ್ತನ್ನು ಕಳೆದುಕೊಂಡ ಡಬ್ಲ್ಯು.ಸಿ.ಡಬ್ಲ್ಯು. ಎದುರಾಳಿಯ ಕೈಗೇ ಅಗ್ಗದ ಬೆಲೆಗೆ ಮಾರಾಟವಾಯಿತು. ಪೈಲ್ವಾನರಿದ್ದರು, ಅಭಿಮಾನಿಗಳಿದ್ದರು, ಹೆಸರಿತ್ತು. ತೆರೆಯ ಮೇಲೆ ಎರಡು ಗಂಟೆಯ ಜಾಗ ಮಾತ್ರ ಇರಲಿಲ್ಲ. ಅಷ್ಟರಿಂದಲೇ ಸಂಸಾರ ಮುಗಿಯಿತು.

ಅಂಕಿಯ ಸೇವೆಗೆ ತೆತ್ತ ಬೆಲೆಯನ್ನೂ ಹೇಳಬೇಕು. ವಾರವಾರವೂ ಹಿಂದಿನ ವಾರಕ್ಕಿಂತ ಮಿಗಿಲಾದುದನ್ನು ತೋರಿಸಬೇಕೆಂಬ ಹಟದಲ್ಲಿ ಮನುಷ್ಯರ ಮೈ ಸರಕಾಯಿತು. ಪೈಪೋಟಿ ಜೋರಾಗಿದ್ದ ದಿನಗಳಲ್ಲೇ, 1999ರ ಮೇ 23ರಂದು, ಕಾನ್ಸಾಸ್ ನಗರದಲ್ಲಿ ಓವೆನ್ ಹಾರ್ಟ್ ಎಂಬ ಮಲ್ಲನನ್ನು ಸಭಾಂಗಣದ ಮಾಡಿನಿಂದ ಹಗ್ಗದ ಮೇಲೆ ಕಣಕ್ಕೆ ಇಳಿಸುವ ವೈಭವದ ಪ್ರವೇಶವೊಂದನ್ನು ಏರ್ಪಡಿಸಿದ್ದರು. ಕೊಂಡಿ ಕಳಚಿ ಅವನು ಕೆಳಗೆ ಬಿದ್ದು ಸತ್ತನು. ಅಂದಿನ ಕಾರ್ಯಕ್ರಮ ನಿಲ್ಲಲಿಲ್ಲ; ಮುಂದಿನ ಪಂದ್ಯ ನಡೆಯಿತು. ವಜ್ರಮುಷ್ಟಿಯಲ್ಲಿ ಮೊದಲ ಹನಿ ರಕ್ತ ಬಿದ್ದೊಡನೆ 'ಸಾಕು' ಎನ್ನುವ ಒಬ್ಬನಾದರೂ ಇರುತ್ತಾನೆ. ಅಂಕಿಗೆ 'ಸಾಕು' ಎನ್ನುವ ಬಾಯಿಲ್ಲ.

ಈ ವ್ಯಾಪಾರದ ಗಾತ್ರ ಇಂದು ಊಹೆಗೆ ನಿಲುಕದಷ್ಟು ದೊಡ್ಡದು. 2018ರಲ್ಲಿ ಫಾಕ್ಸ್ ವಾಹಿನಿ ಒಂದು ಸಾಪ್ತಾಹಿಕ ಕುಸ್ತಿ ಕಾರ್ಯಕ್ರಮಕ್ಕೆ ಐದು ವರ್ಷಕ್ಕೆಂದು ಸುಮಾರು 100 ಕೋಟಿ ಡಾಲರ್ ಕೊಡಲು ಒಪ್ಪಿತು. 2025ರ ಜನವರಿ 6ರಿಂದ 'ರಾ' ನೆಟ್‌ಫ್ಲಿಕ್ಸ್‌ಗೆ ಹೋಯಿತು. ಹತ್ತು ವರ್ಷದ ಒಪ್ಪಂದ, 500 ಕೋಟಿ ಡಾಲರಿಗೂ ಮಿಕ್ಕ ಹಣ. ನಮ್ಮ ದೇಶದ ನೋಡುಗರಿಗೂ ಇದರಲ್ಲಿ ಪಾಲುಂಟು. 1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಬಂದ ಮೇಲೆ ನಮ್ಮ ಊರುಗಳ ಹುಡುಗರು ಪೈಲ್ವಾನರ ಚಿತ್ರವಿದ್ದ ಇಸ್ಪೀಟೆಲೆಗಳನ್ನು ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದರು. ದೂರದ ಫ್ಲಾರಿಡಾದ ಮಲ್ಲನ ಎದೆಯ ಅಳತೆ ಅವರಿಗೆ ಬಾಯಿಪಾಠ, ಪಕ್ಕದ ಬೀದಿಯ ಗರಡಿಯ ಉಸ್ತಾದರ ಹೆಸರು ತಿಳಿಯದು. ಹಿಮಾಚಲದಲ್ಲಿ ಹುಟ್ಟಿದ ದಲೀಪ್ ಸಿಂಗ್ ರಾಣಾ 'ಗ್ರೇಟ್ ಖಲಿ' ಎಂಬ ಹೆಸರಿನಿಂದ 2007ರಲ್ಲಿ ಅಲ್ಲಿ ವಿಶ್ವ ಪ್ರಶಸ್ತಿ ಪಡೆದನು. ಇಷ್ಟು ಜನ ನೋಡುವ ದೇಶದವನೊಬ್ಬನಿಗೆ ಕಿರೀಟ ಇಟ್ಟರೆ ನಷ್ಟವೇನೂ ಇಲ್ಲವೆಂಬುದನ್ನು ವ್ಯವಹಾರಸ್ಥರು ಬಲ್ಲರು.

ಹಾಗಾದರೆ ಅಂಕಿಯೆಂಬುದು ಬರಿಯ ಕೇಡೆ? ಹಾಗೆ ಹೇಳಿದರೆ ಅನ್ಯಾಯವಾದೀತು. ನಮ್ಮದೇ ಮಣ್ಣಿನ ಕಬಡ್ಡಿಯನ್ನು ನೋಡಿ. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದಾಗ ಅತಿ ಹೆಚ್ಚಿನ ಬೆಲೆ ಪಡೆದ ಆಟಗಾರನಿಗೆ ಸಿಕ್ಕಿದುದು 12.8 ಲಕ್ಷ ರೂಪಾಯಿ. ನೋಡುವವರು ಹೆಚ್ಚಿದರು, ನಾಲ್ಕೇ ವರ್ಷದಲ್ಲಿ, 2018ರ ಹರಾಜಿನಲ್ಲಿ, ಒಬ್ಬ ಆಟಗಾರನ ಬೆಲೆ 1.51 ಕೋಟಿಗೆ ಏರಿತು. ಆ ಸರಣಿಯಲ್ಲಿ ಬೆಂಗಳೂರಿನ ತಂಡವೇ ಗೆದ್ದಿತು. ಬದಲಿಗೆ ಆಟ ಏನನ್ನು ಕೊಟ್ಟಿತು? ಮಣ್ಣು ಹೋಗಿ ಹಾಸು ಬಂತು. ಎರಡು ಬಾರಿ ಬರಿಗೈಯಲ್ಲಿ ಮರಳಿದರೆ ಮೂರನೆಯ ಬಾರಿ ಗೆಲ್ಲಲೇಬೇಕು, ಇಲ್ಲವೆ ಹೊರಗೆ ಹೋಗಬೇಕು ಎಂಬ ನಿಯಮ ಬಂತು. ಎಳೆದಾಟ ಕಡಿಮೆಯಾಯಿತು. ಆದರೆ ಆಟ ಆಟವಾಗಿಯೇ ಉಳಿಯಿತು. ಗೆಲ್ಲುವವನು ಯಾರೆಂಬುದನ್ನು ಯಾರೂ ಮೊದಲೇ ಬರೆದಿಡಲಿಲ್ಲ. ಕುಸ್ತಿಗೂ ಇಂಥದೊಂದು ಯತ್ನ ನಡೆಯಿತು. 2015ರಲ್ಲಿ ಪ್ರೊ ರೆಸ್ಲಿಂಗ್ ಲೀಗ್ ಹುಟ್ಟಿತು. ಬೆಂಗಳೂರು ಯೋಧಾಸ್ ಎಂಬ ನಮ್ಮ ತಂಡವೂ ಅದರಲ್ಲಿತ್ತು. 2019ರ ಸರಣಿಯಾದ ಮೇಲೆ ಹಲವು ವರ್ಷ ಅದು ನಿಂತುಹೋಯಿತು.

ಅಂಕಿಯ ಪ್ರಾಮಾಣಿಕತೆಯ ಪ್ರಶ್ನೆಯೂ ಇದೆ. ನಮ್ಮ ದೇಶದಲ್ಲಿ 2015ರಿಂದ ಬಾರ್ಕ್ ಎಂಬ ಸಂಸ್ಥೆ ಈ ಎಣಿಕೆಯನ್ನು ಮಾಡುತ್ತ ಬಂದಿದೆ. ಐವತ್ತು ಸಾವಿರಕ್ಕೆ ಮಿಕ್ಕ ಮನೆಗಳ ಮಾಪಕಗಳು ಕೋಟ್ಯಂತರ ಮನೆಗಳ ಪರವಾಗಿ ಮಾತಾಡುತ್ತವೆ. 2020ರ ಅಕ್ಟೋಬರಿನಲ್ಲಿ, ಕೆಲವು ಮನೆಯವರಿಗೆ ಹಣ ಕೊಟ್ಟು ಒಂದು ವಾಹಿನಿಯನ್ನು ಹಾಕಿಸಿಡುತ್ತಿದ್ದರೆಂಬ ಆರೋಪ ಮುಂಬಯಿಯಲ್ಲಿ ಕೇಳಿಬಂದು, ಸುದ್ದಿವಾಹಿನಿಗಳ ಅಂಕಿಯನ್ನು ಬಹುಕಾಲ ಪ್ರಕಟಿಸದೆ ತಡೆಹಿಡಿಯಬೇಕಾಯಿತು. ಹಿಂದೆ ಒಳಒಪ್ಪಂದದ ಕುಸ್ತಿ ಎಂದರೆ ಅಖಾಡದೊಳಗೆ ಇಬ್ಬರು ಮಾಡಿಕೊಂಡ ಗುಟ್ಟು. ಈಗ ಆ ಗುಟ್ಟು ನೋಡುವವರನ್ನು ಎಣಿಸುವ ಕಡೆಗೆ ದಾಟಿತೋ ಎಂದು ಸಂಶಯಪಡುವಂತಾಯಿತು.

ಹಾಗಿದ್ದರೆ ಇಂದು ನಮ್ಮ ಗರಡಿಯ ಹುಡುಗನಿಗೆ ಅನ್ನದಾತ ಯಾರು? ಅರಸರಿಲ್ಲ, ಮೈಸೂರಿನ ದಸರಾ ಕುಸ್ತಿಯನ್ನು ಈಗ ಸರ್ಕಾರ ನಡೆಸುತ್ತದೆ. ಬಾಗಲಕೋಟೆಯ ಕಡೆಯ ಅರ್ಜುನ್ ಹಲಕುರ್ಕಿ 2020ರಲ್ಲಿ ಏಷ್ಯಾ ಕುಸ್ತಿಯಲ್ಲಿ ಕಂಚು ಗೆದ್ದಾಗ ನಮ್ಮಲ್ಲಿ ಎಷ್ಟು ಜನ ಅದನ್ನು ತೆರೆಯ ಮೇಲೆ ನೋಡಿದೆವು? ಸೈನ್ಯ, ರೈಲ್ವೆ, ಪೊಲೀಸು ಇಲಾಖೆಗಳಲ್ಲಿ ಕ್ರೀಡಾಪಟುವಿಗೆ ಸಿಗುವ ನೌಕರಿಯೇ ಇಂದು ನಿಜವಾದ ಮಲ್ಲನ ರಾಜಾಶ್ರಯ. ಅದು ಸಿಕ್ಕಿದವರು ಬದುಕಿದರು. ಸಿಕ್ಕದವರು ಮದುವೆಯಾದ ವರ್ಷವೇ ಲಂಗೋಟಿ ಬಿಚ್ಚಿಟ್ಟು ಅಂಗಡಿಗೋ ಆಟೋಗೋ ಸೇರಿದರು.

ನಮ್ಮ ನವುಲೆ ಹಿಂದೆ ಸವಳಂಗದ ರಸ್ತೆಯ ಒಂದು ಹಳ್ಳಿ; ಇಂದು ಅಲ್ಲಿ ಕಾಲೇಜುಗಳಿವೆ, ರಣಜಿ ಪಂದ್ಯಗಳು ನಡೆದ ಕ್ರಿಕೆಟ್ ಮೈದಾನವಿದೆ. ಕ್ರಿಕೆಟ್ಟಿಗೆ ಹುಲ್ಲುಹಾಸು ಹಾಸಿದ ನಾಡು ಕುಸ್ತಿಗೆ ಒಂದು ಗಾಡಿ ಕೆಮ್ಮಣ್ಣು ಹಾಕಿಸಲಾರದಷ್ಟು ಬಡವಾಗಿಲ್ಲ. ಕ್ರಿಕೆಟ್ಟಿನ ಮೇಲೆ ಹೊಟ್ಟೆಕಿಚ್ಚು ಪಟ್ಟು ಈ ಮಾತು ಹೇಳುತ್ತಿಲ್ಲ. ಯಾವ ಆಟವನ್ನು ಎಷ್ಟು ಜನ ನೋಡುತ್ತಾರೆಂಬ ಲೆಕ್ಕವೇ ಯಾವ ಹುಡುಗನಿಗೆ ಎಷ್ಟು ಹಾಲು ಎಂಬುದನ್ನು ತೀರ್ಮಾನಿಸುವುದಾದರೆ, ನೋಡುವುದೂ ಒಂದು ಹೊಣೆ ಎಂಬುದನ್ನು ನಾವು ನೆನಪಿಡಬೇಕು. ಸೋಮೇಶ್ವರ ತಾನು ಸಾಕಿದ ಮಲ್ಲರ ಊಟವನ್ನು ಬಲ್ಲ. ಜಾತ್ರೆಯ ಮುದುಕ ತಾನು ನೋಟು ಕೊಟ್ಟ ಹುಡುಗನ ಪಟ್ಟನ್ನು ಬಲ್ಲ. ಮಾಪಕಯಂತ್ರಕ್ಕೆ ತಿಳಿದಿರುವುದು ಇಷ್ಟೇ: ನಾವು ಎದ್ದುಹೋಗಲಿಲ್ಲ. ಮುಂದಿನ ಮಾರಿಕಾಂಬಾ ಜಾತ್ರೆಯಲ್ಲಿ ಹಲಗೆಯ ಸದ್ದು ಕೇಳಿದಾಗ ಅತ್ತ ಹೋಗಿ ಮಣ್ಣಿನಂಚಿನಲ್ಲಿ ಒಂದು ಗಳಿಗೆ ಕೂಡುವವರನ್ನು ಯಾವ ಯಂತ್ರವೂ ಎಣಿಸುವುದಿಲ್ಲ. ಕಣದಲ್ಲಿ ನಿಂತ ಹುಡುಗ ಮಾತ್ರ ಎಣಿಸುತ್ತಾನೆ.